ಔಟ್‌ಲುಕ್‌ನಿಂದ ಥಂಡರ್‌ಬರ್ಡ್‌ಗೆ: ಕನ್ನಡದ ಹೆಸರುಗಳು ಕೆಡದಂತೆ ವಿಳಾಸಪುಸ್ತಕವನ್ನು ಸಾಗಿಸುವ ಕ್ರಮ

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ ಮತ್ತು ಮುರುಗಲ ಸಿಪ್ಪೆಯನ್ನು ಪಾರ್ಸೆಲ್ ಮೂಲಕ ಮಾರುತ್ತೇವೆ. ಗಿರಾಕಿಗಳ ಸುಮಾರು 1,100 ವಿಳಾಸಗಳು ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರಿನ ಔಟ್‌ಲುಕ್ 2010ರಲ್ಲಿವೆ. ಅರ್ಧಕ್ಕಿಂತ ಹೆಚ್ಚು ಹೆಸರುಗಳು ಕನ್ನಡ ಲಿಪಿಯಲ್ಲಿವೆ. ಊರು ಮತ್ತು ಸರಕಿನ ಪ್ರಕಾರ ಐದು ಗುಂಪುಗಳನ್ನೂ ಮಾಡಿಕೊಂಡಿದ್ದೇವೆ. ಹೊಸ ಲ್ಯಾಪ್‌ಟಾಪಿನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಹಾಕಿಕೊಂಡು, ಹಳೆಯದರಿಂದ ಸಿಎಸ್‌ವಿ ಎಂಬ ಪಠ್ಯರೂಪದ ಫೈಲ್ ತೆಗೆದು, ಎಕ್ಸೆಲ್‌ನಲ್ಲಿ ಒಮ್ಮೆ ತೆರೆದು ನೋಡಿ, ಸೇವ್ ಮಾಡಿ, ಹೊಸದಕ್ಕೆ ತುಂಬಿಸಿದೆವು. ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿವೆ, ಮೊಬೈಲ್ ಸಂಖ್ಯೆಗಳ ಜಾಗದಲ್ಲಿ 9.19ಇ+11 ಎಂದಿದೆ, ಗುಂಪುಗಳು ಬಂದೇ ಇಲ್ಲ. ವಾರಕ್ಕೊಮ್ಮೆ ಮೇಲ್ ಕಳಿಸುತ್ತಿದ್ದ ಕೆಲವರ ವಿಳಾಸವೂ ಕಾಣುತ್ತಿಲ್ಲ. ಇದನ್ನು ಸರಿಪಡಿಸಬಹುದೇ? ಇದೇ ಪಟ್ಟಿ ಮೊಬೈಲಿನಲ್ಲೂ ಸಿಗುವಂತೆ ಮಾಡಬಹುದೇ?

ಉತ್ತರ: ನಿಮ್ಮ ವಿಳಾಸಗಳಲ್ಲಿ ಒಂದೂ ಕಳೆದುಹೋಗಿಲ್ಲ. ಹಳೆಯ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ ಅವು ಇದ್ದ ಹಾಗೆಯೇ ಇವೆ. ಕೆಟ್ಟಿರುವುದು ನಡುವೆ ನೀವು ಮಾಡಿಕೊಂಡ ಸಿಎಸ್‌ವಿ ಫೈಲ್ ಮಾತ್ರ. ಆ ಫೈಲನ್ನು ಸರಿಪಡಿಸಲು ಹೊರಡಬೇಡಿ, ಅದರಿಂದ ಪ್ರಯೋಜನವಿಲ್ಲ. ಮೂಲದಿಂದ ಮತ್ತೊಮ್ಮೆ, ಬೇರೆ ದಾರಿಯಲ್ಲಿ ತೆಗೆಯಬೇಕು. ಆದ್ದರಿಂದ ಕೆಲಸ ಪೂರ್ತಿಯಾಗುವವರೆಗೆ ಹಳೆಯ ಯಂತ್ರವನ್ನು ಫಾರ್ಮ್ಯಾಟ್ ಮಾಡುವುದಾಗಲಿ ಗುಜರಿಗೆ ಕೊಡುವುದಾಗಲಿ ಬೇಡ. ಮೇ ತಿಂಗಳ ಕೊನೆಯ ಗುಡುಗು-ಸಿಡಿಲು ಶುರುವಾದೊಡನೆ ಕಾರವಾರದಲ್ಲಿರುವ ನನ್ನ ಮೇಜಿನ ಮೇಲೆ ಮದರ್‌ಬೋರ್ಡ್ ಸುಟ್ಟ ಕಂಪ್ಯೂಟರುಗಳು ಬಂದು ಕೂರುತ್ತವೆ, ಅವುಗಳಲ್ಲಿ ಹೆಚ್ಚಿನವು ಘಟ್ಟದ ಮೇಲಿನವು. ದಿನದ ಕೆಲಸ ಮುಗಿದ ಕೂಡಲೇ ಕರೆಂಟಿನ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಿತ್ತಿಡಿ.

ಬೇರೇನನ್ನೂ ಮುಟ್ಟುವ ಮೊದಲು ಔಟ್‌ಲುಕ್‌ನಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಎಕ್ಸ್‌ಪೋರ್ಟ್ ಎಂದು ಹೋಗಿ, ಔಟ್‌ಲುಕ್ ಡೇಟಾ ಫೈಲ್ ಎಂಬುದನ್ನು ಆರಿಸಿ, ಕಾಂಟ್ಯಾಕ್ಟ್ಸ್ ಫೋಲ್ಡರನ್ನು ಪಿಎಸ್‌ಟಿ ರೂಪದಲ್ಲಿ ಒಂದು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಥಂಡರ್‌ಬರ್ಡ್ ಈ ಫೈಲನ್ನು ನೇರವಾಗಿ ಓದುವುದಿಲ್ಲ, ಆದರೆ ನಾಳೆ ಯಂತ್ರವೇ ಕೈಕೊಟ್ಟರೆ ಔಟ್‌ಲುಕ್ ಇರುವ ಬೇರೆ ಯಾವುದಾದರೂ ಕಂಪ್ಯೂಟರಿನಲ್ಲಿ ಇದನ್ನು ತೆರೆದು, ಗುಂಪುಗಳ ಸಮೇತ ಎಲ್ಲವನ್ನೂ ಮರಳಿ ಪಡೆಯಬಹುದು.

ಇನ್ನು ನಿಮ್ಮ ನಾಲ್ಕು ದೂರುಗಳಿಗೆ ಬರೋಣ. ನಾಲ್ಕಕ್ಕೂ ಕಾರಣ ಬೇರೆ ಬೇರೆ, ಮತ್ತು ಮೊದಲನೆಯದು ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಪಟ್ಟದ್ದು.

ಔಟ್‌ಲುಕ್ 2010 ತನ್ನೊಳಗೆ ಹೆಸರುಗಳನ್ನು ಯುನಿಕೋಡ್‌ನಲ್ಲಿಯೇ, ಅಂದರೆ ಬೇರೆ ಬೇರೆ ಭಾಷೆಗಳ ಲಿಪಿಗಳಿಗೆಲ್ಲ ಸಂಕೇತಗಳಿರುವ ಪದ್ಧತಿಯಲ್ಲಿಯೇ, ಇಟ್ಟುಕೊಂಡಿರುತ್ತದೆ. ಪರದೆಯ ಮೇಲೆ ಕನ್ನಡ ಸರಿಯಾಗಿ ಕಾಣುವುದು ಅದರಿಂದಲೇ. ಆದರೆ ಸಿಎಸ್‌ವಿ ಫೈಲ್ ಬರೆಯುವಾಗ ಅದು ಯುನಿಕೋಡನ್ನು ಬಿಟ್ಟು, ವಿಂಡೋಸ್‌ನ ಹಳೆಯ ಕೋಡ್‌ಪೇಜ್ ಪದ್ಧತಿಯಲ್ಲಿ ಬರೆಯುತ್ತದೆ. ಆ ಪದ್ಧತಿಯಲ್ಲಿ ರಷ್ಯನ್, ಅರಬ್ಬಿ, ಥಾಯ್ ಭಾಷೆಗಳಿಗೆ ಒಂದೊಂದು ಪುಟ ಇದೆ, ಕನ್ನಡಕ್ಕೆ ಇಲ್ಲ. ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳು ವಿಂಡೋಸ್‌ನಲ್ಲಿ ಯುನಿಕೋಡ್ ಮೂಲಕವೇ ಬಂದವು. ಹಾಗಾಗಿ ಕಂಟ್ರೋಲ್ ಪ್ಯಾನೆಲಿಗೆ ಹೋಗಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಸರಿಹೋಗುತ್ತದೆ ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ತನ್ನ ಪುಟದಲ್ಲಿ ಇಲ್ಲದ ಪ್ರತಿಯೊಂದು ಸಂಕೇತದ ಜಾಗದಲ್ಲಿ ಔಟ್‌ಲುಕ್ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮುಂದೆ ಹೋಗುತ್ತದೆ, ಎಚ್ಚರಿಕೆಯ ಒಂದು ಮಾತನ್ನೂ ಆಡುವುದಿಲ್ಲ.

ಇದನ್ನು ಹತ್ತಿರದಿಂದ ನೋಡಿ. ಗಣಪತಿ ಎಂಬ ಹೆಸರಿನಲ್ಲಿ ಗ, ಣ, ಪ, ತ ಮತ್ತು ಗುಡಿಸು ಸೇರಿ ಯುನಿಕೋಡಿನ ಐದು ಸಂಕೇತಗಳಿವೆ, ಆದ್ದರಿಂದ ಸಿಎಸ್‌ವಿಯಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಸವಿತಾ ಎಂಬುದರಲ್ಲಿ ಸ, ವ, ಗುಡಿಸು, ತ, ದೀರ್ಘ ಸೇರಿ ಅಲ್ಲಿಯೂ ಐದೇ. ಫೈಲಿನೊಳಗೆ ಗಣಪತಿಯೂ ಸವಿತಾಳೂ ಒಂದೇ ಆಗಿಬಿಟ್ಟ ಮೇಲೆ ಯಾವ ತಂತ್ರಾಂಶ ತಾನೇ ಅವರನ್ನು ಬೇರ್ಪಡಿಸೀತು? ಪ್ರಶ್ನಾರ್ಥಕ ಚಿಹ್ನೆ ಕಂಡರೆ ಆ ಫೈಲಿನಲ್ಲಿ ಹೆಸರು ಅಳಿದಿದೆ ಎಂದೇ ಅರ್ಥ.

ಇದಕ್ಕೆ ತೀರ ಬೇರೆಯಾದ ಇನ್ನೊಂದು ಲಕ್ಷಣವಿದೆ, ಮುಂದೆ ನಿಮಗೆ ಎದುರಾಗಬಹುದಾದ್ದರಿಂದ ಹೇಳಿಬಿಡುತ್ತೇನೆ. ಕನ್ನಡದ ಒಂದೊಂದು ಸಂಕೇತವನ್ನು ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟುಗಳಲ್ಲಿ ಬರೆಯುತ್ತಾರೆ. ಹಾಗೆ ಸರಿಯಾಗಿ ಬರೆದ ಫೈಲನ್ನು ತೆರೆಯುವ ಪ್ರೋಗ್ರಾಂ ಹಳೆಯ ಕೋಡ್‌ಪೇಜಿನದೆಂದು ತಪ್ಪು ತಿಳಿದರೆ, ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷಿನ ಎ ಅಕ್ಷರ, ಅದರ ಪಕ್ಕದಲ್ಲಿ ಮೇಲ್ಗಡೆ ಪುಟ್ಟದಾಗಿ 2 ಅಥವಾ 3, ಅದರ ಬೆನ್ನಿಗೆ ಮತ್ತೇನೋ ಒಂದು ಗುರುತು, ಹೀಗೆ ಮೂರು ಮೂರರ ಸಾಲು ಹೆಸರಿನ ಉದ್ದಕ್ಕೂ ಬರುತ್ತದೆ. ನೋಡಲು ಇದು ಪ್ರಶ್ನಾರ್ಥಕ ಚಿಹ್ನೆಗಿಂತ ಹೆಚ್ಚು ಭಯಂಕರವಾಗಿ ಕಾಣುತ್ತದೆ, ಆದರೆ ಇಲ್ಲಿ ಫೈಲಿಗೆ ಏನೂ ಆಗಿಲ್ಲ. ಓದುವವನು ತಪ್ಪಿದ್ದಾನೆ ಅಷ್ಟೆ. ಸೇವ್ ಮಾಡದೆ ಮುಚ್ಚಿ, ಯುಟಿಎಫ್-8 ಎಂದು ಹೇಳಿ ಮತ್ತೆ ತೆರೆದರೆ ಹೆಸರುಗಳು ಬರುತ್ತವೆ. ಚೌಕಗಳು ಕಂಡರೆ ಅದು ಇನ್ನೂ ಹಗುರವಾದ ಸಮಸ್ಯೆ, ಆ ಯಂತ್ರದಲ್ಲಿ ಕನ್ನಡದ ಫಾಂಟ್ ಇಲ್ಲ.

ಎರಡನೆಯ ದೂರಿನ ಕರ್ತೃ ಎಕ್ಸೆಲ್. ಸಿಎಸ್‌ವಿ ಎಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಪಠ್ಯ, ಯಾವ ಕಂಬದಲ್ಲಿ ಅಂಕಿ ಇದೆ, ಯಾವುದರಲ್ಲಿ ಅಕ್ಷರ ಇದೆ ಎಂಬ ಮಾಹಿತಿ ಅದರಲ್ಲಿ ಇರುವುದಿಲ್ಲ. ಫೈಲಿನ ಮೇಲೆ ಎರಡು ಸಲ ಒತ್ತಿ ತೆರೆದಾಗ ಎಕ್ಸೆಲ್ ತಾನೇ ಊಹಿಸುತ್ತದೆ. 91 ಸೇರಿಸಿ ಬರೆದ 12 ಅಂಕಿಯ ಮೊಬೈಲ್ ಸಂಖ್ಯೆ ಅದರ ಲೆಕ್ಕದಲ್ಲಿ ತೊಂಬತ್ತೊಂದು ಸಾವಿರ ಕೋಟಿಯ ಆಚೆಗಿನ ಒಂದು ಮೊತ್ತ. 11 ಅಂಕಿಗಳನ್ನು ಮೀರಿದ್ದನ್ನು ಅದು ವೈಜ್ಞಾನಿಕ ರೂಪದಲ್ಲಿ ತೋರಿಸುತ್ತದೆ, ಮುಂದಿನ ಕೂಡು ಚಿಹ್ನೆಯನ್ನೂ ನುಂಗುತ್ತದೆ. ಅಷ್ಟರಲ್ಲೇ ಮುಚ್ಚಿದ್ದರೆ ತೊಂದರೆ ಇರಲಿಲ್ಲ. ಸೇವ್ ಮಾಡಿದಾಗ ಪರದೆಯ ಮೇಲೆ ಕಂಡದ್ದನ್ನೇ ಫೈಲಿಗೆ ಬರೆಯುವುದರಿಂದ ಉಳಿದ ಅಂಕಿಗಳು ಹೋದವು. ಸ್ಥಿರ ದೂರವಾಣಿಗಳಿಗೂ ಇದೇ ಗತಿ: ಶಿರಸಿಯ 08384, ಕಾರವಾರದ 08382, ಕುಮಟೆಯ 08386 ಇವುಗಳ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಕೋಡಿನ ನಂತರ ಅಡ್ಡಗೆರೆ ಹಾಕಿ ಬರೆಯುವ ಹಳೆಯ ಅಭ್ಯಾಸದವರ ಸಂಖ್ಯೆಗಳು ಮಾತ್ರ ಉಳಿದುಕೊಳ್ಳುತ್ತವೆ, ಏಕೆಂದರೆ ಅಡ್ಡಗೆರೆ ಇರುವುದನ್ನು ಎಕ್ಸೆಲ್ ಅಂಕಿಯೆಂದು ಎಣಿಸಲಾರದು.

ಗುಂಪುಗಳು ಬಾರದಿರುವುದಕ್ಕೆ ಕಾರಣ ಸರಳ. ಸಿಎಸ್‌ವಿಯಲ್ಲಿ ಒಂದು ಸಾಲಿಗೆ ಒಬ್ಬ ವ್ಯಕ್ತಿ. ವ್ಯಕ್ತಿಗಳ ಕೂಟವನ್ನು ಬರೆಯಲು ಅಲ್ಲಿ ಜಾಗವಿಲ್ಲ, ಔಟ್‌ಲುಕ್ ಅವನ್ನು ಬಿಟ್ಟುಬಿಡುತ್ತದೆ.

ಕಾಣೆಯಾದ ವಿಳಾಸಗಳ ಕಥೆ ಇದಕ್ಕಿಂತ ಸ್ವಾರಸ್ಯಕರ. ಅವು ವಿಳಾಸಪುಸ್ತಕದಲ್ಲಿ ಎಂದೂ ಇರಲಿಲ್ಲ ಎಂಬುದು ನನ್ನ ಖಚಿತ ಊಹೆ. ಮೇಲ್ ಬರೆಯುವಾಗ ಎರಡು ಅಕ್ಷರ ಒತ್ತುತ್ತಲೇ ಪೂರ್ತಿ ವಿಳಾಸ ಕೆಳಗೆ ಇಳಿದು ಬರುತ್ತದಲ್ಲ, ಅದು ಔಟ್‌ಲುಕ್ ಪ್ರತ್ಯೇಕವಾಗಿ ಇಟ್ಟುಕೊಳ್ಳುವ ನೆನಪಿನ ಪಟ್ಟಿ. ನೀವು ಹಿಂದೆ ಯಾರಿಗೆ ಕಳಿಸಿದ್ದೀರೋ ಅವರ ವಿಳಾಸಗಳನ್ನು ಅದು ಸುಮ್ಮನೆ ಕೂಡಿಡುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಈ ಪಟ್ಟಿ ಹೊರಗೆ ಬರುವುದಿಲ್ಲ. ಹತ್ತಾರು ವರ್ಷ ಪತ್ರವ್ಯವಹಾರ ಮಾಡಿದವರಿಗೆ, ಆಪ್ತ ಗಿರಾಕಿಗಳೇ ಪುಸ್ತಕದಲ್ಲಿ ಇಲ್ಲ ಎಂಬುದು ಆಶ್ಚರ್ಯ ತರುತ್ತದೆ. ದಿನವೂ ಬಳಸುವ ವಿಳಾಸವನ್ನು ಬರೆದಿಡುವ ಅಗತ್ಯ ಯಾರಿಗೂ ಬೀಳುವುದಿಲ್ಲವಷ್ಟೆ. ಹೊಸ ಸಾಗಾಟಕ್ಕೆ ಮುನ್ನ ಕಳಿಸಿದ ಮೇಲುಗಳ ಫೋಲ್ಡರ್ ತೆರೆದು, ಕಳೆದ ಎರಡು ವರ್ಷಗಳ ಮೇಲುಗಳಲ್ಲಿ ಕಾಣುವ ಇಂಥ ವಿಳಾಸಗಳ ಮೇಲೆ ಮೌಸಿನ ಬಲಗುಂಡಿ ಒತ್ತಿ, ಕಾಂಟ್ಯಾಕ್ಟ್ಸ್‌ಗೆ ಸೇರಿಸುವ ಆಯ್ಕೆಯಿಂದ ಒಂದೊಂದಾಗಿ ಪುಸ್ತಕಕ್ಕೆ ಹತ್ತಿಸಿಕೊಳ್ಳಿ. ಬೇಸರದ ಕೆಲಸ, ಆದರೆ ಇದಕ್ಕೆ ಅಡ್ಡದಾರಿ ಹುಡುಕುವಷ್ಟು ಹೊತ್ತಿನಲ್ಲಿ ಕೆಲಸವೇ ಮುಗಿದಿರುತ್ತದೆ.

ಈಗ ನಾನು ಸೂಚಿಸುವ ದಾರಿ. ಸಿಎಸ್‌ವಿಯನ್ನು ಪೂರ್ತಿ ಬಿಟ್ಟು, ಹಳೆಯ ಕಂಪ್ಯೂಟರಿನಲ್ಲಿಯೇ ಒಂದು ಥಂಡರ್‌ಬರ್ಡ್ ಹಾಕಿ, ಅದರಿಂದಲೇ ಔಟ್‌ಲುಕ್‌ನ ಪುಸ್ತಕವನ್ನು ನೇರವಾಗಿ ಓದಿಸಿ. ಎರಡೂ ಒಂದೇ ಯಂತ್ರದಲ್ಲಿದ್ದಾಗ ಅವು ವಿಂಡೋಸ್ ಒದಗಿಸುವ ಸೇತುವೆಯ ಮೂಲಕ ಮಾತನಾಡುತ್ತವೆ, ನಡುವೆ ಕೋಡ್‌ಪೇಜಿನ ತಂಟೆ ಇರುವುದಿಲ್ಲ, ಗುಂಪುಗಳೂ ಬರುತ್ತವೆ. ವಿಂಡೋಸ್ 7ರಲ್ಲಿ ನಡೆಯುವ ಥಂಡರ್‌ಬರ್ಡ್‌ನ ಕೊನೆಯ ಆವೃತ್ತಿ 115, ಅದನ್ನೇ ಇಳಿಸಿಕೊಳ್ಳಬೇಕು. ಇಳಿಸುವಾಗ ಒಂದು ಎಚ್ಚರ ಬೇಕು. ಔಟ್‌ಲುಕ್ 32 ಬಿಟ್ಟಿನದಾದರೆ ಥಂಡರ್‌ಬರ್ಡೂ 32 ಬಿಟ್ಟಿನದೇ ಆಗಿರಬೇಕು; 64 ಆದರೆ 64. ಇಬ್ಬರ ಬಿಟ್ಟುಗಳು ಹೊಂದದಿದ್ದರೆ ಸೇತುವೆ ಕೂಡಿಕೊಳ್ಳುವುದಿಲ್ಲ, ಮತ್ತು ಪರದೆಯ ಮೇಲೆ ಬರುವ ದೋಷದ ಸಂದೇಶದಿಂದ ಕಾರಣ ಊಹಿಸುವುದು ಕಷ್ಟ. ಔಟ್‌ಲುಕ್ 2010ರ ಫೈಲ್ ಮೆನುವಿನಲ್ಲಿ ಹೆಲ್ಪ್ ಒತ್ತಿದರೆ ಬಲಗಡೆ ಆವೃತ್ತಿಯ ಮುಂದೆ ಇದನ್ನು ಬರೆದಿರುತ್ತದೆ. 64 ಬಿಟ್ಟಿನ ವಿಂಡೋಸ್ ಇದ್ದರೂ ಆ ಕಾಲದ ಆಫೀಸ್ ತಾನಾಗಿ 32 ಬಿಟ್ಟಿನದನ್ನೇ ಹಾಕಿಕೊಳ್ಳುತ್ತಿತ್ತು. ಹಾಗಾಗಿ ಕಂಪ್ಯೂಟರಿನ ಗುಣಲಕ್ಷಣ ನೋಡಿ ತೀರ್ಮಾನಿಸಬೇಡಿ.

ಥಂಡರ್‌ಬರ್ಡ್ ಮೊದಲ ಸಲ ತೆರೆದಾಗ ತನ್ನನ್ನೇ ಮುಖ್ಯ ಮೇಲ್ ಪ್ರೋಗ್ರಾಂ ಮಾಡಿಕೊಳ್ಳಲೇ ಎಂದು ಕೇಳುತ್ತದೆ, ಬೇಡ ಎನ್ನಿ. ಔಟ್‌ಲುಕ್ ಆ ಸ್ಥಾನದಲ್ಲಿ ಇದ್ದರೆ ಮಾತ್ರ ಈ ಕೆಲಸ ಸುಗಮ. ಮೇಲ್ ಖಾತೆ ಸೇರಿಸುವ ಹಂತವನ್ನೂ ದಾಟಿಬಿಡಿ, ಭದ್ರತೆಯ ತಿದ್ದುಪಡಿಗಳು 2020ರ ಜನವರಿಯಿಂದಲೇ ನಿಂತುಹೋದ ವಿಂಡೋಸ್ 7ರಲ್ಲಿ ಹೊಸ ಖಾತೆಯ ಪಾಸ್‌ವರ್ಡ್ ಬರೆಯುವ ಅಗತ್ಯವಿಲ್ಲ. ಟೂಲ್ಸ್ ಮೆನುವಿನ ಇಂಪೋರ್ಟ್ ಆರಿಸಿ, ಔಟ್‌ಲುಕ್ ಎಂದು ತೋರಿಸಿ, ಕೇಳಿದಾಗ ವಿಳಾಸಪುಸ್ತಕಗಳನ್ನು ಮಾತ್ರ ಗುರುತು ಮಾಡಿ. 1,100 ವಿಳಾಸಗಳಿಗೆ ಒಂದು ಲೋಟ ಕಷಾಯ ಕುಡಿಯುವಷ್ಟು ಹೊತ್ತೂ ಬೇಡ. ವಿಳಾಸಪುಸ್ತಕದ ಎಡಗಡೆಯ ಪಟ್ಟಿಯಲ್ಲಿ ಹೊಸದೊಂದು ಪುಸ್ತಕ ಬಂದಿರುತ್ತದೆ. ಅದನ್ನು ತೆರೆದು ಕನ್ನಡದ ಹೆಸರುಗಳು ಕಾಣುತ್ತವೆಯೇ, ಐದು ಗುಂಪುಗಳೂ ಅದರ ಕೆಳಗೆ ಇವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ.

ಅಲ್ಲಿಂದ ಹೊಸ ಲ್ಯಾಪ್‌ಟಾಪಿಗೆ ತರಲು ಆ ಪುಸ್ತಕವನ್ನು ಎಕ್ಸ್‌ಪೋರ್ಟ್ ಮಾಡಿ, ಫೈಲಿನ ಬಗೆಯಲ್ಲಿ ಎಲ್‌ಡಿಐಎಫ್ ಎಂಬುದನ್ನು ಆರಿಸಿ. ಸಂಸ್ಥೆಗಳ ವಿಳಾಸಕೋಶಗಳಿಗಾಗಿ ಮಾಡಿದ ಹಳೆಯ ಪಠ್ಯರೂಪ ಇದು. ಗುಂಪನ್ನು ಗುಂಪಾಗಿಯೇ ಬರೆಯಬಲ್ಲದು ಎಂಬ ಕಾರಣಕ್ಕೆ ನನಗೆ ಇಷ್ಟ. ಫೈಲನ್ನು ಪೆನ್‌ಡ್ರೈವಿಗೆ ಹಾಕಿದ ಮೇಲೆ ನೋಟ್‌ಪ್ಯಾಡಿನಲ್ಲಿ ಒಮ್ಮೆ ತೆರೆದು ಕಣ್ಣಾಡಿಸಿ, ಏನನ್ನೂ ಒತ್ತದೆ ಮುಚ್ಚಿ. ಇಂಗ್ಲಿಷಿನಲ್ಲಿರುವ ಹೆಸರುಗಳು ನೇರವಾಗಿ ಓದಲು ಬರುತ್ತವೆ. ಕನ್ನಡದ ಹೆಸರು ಮಾತ್ರ ಕಾಣುವುದಿಲ್ಲ. ಅದರ ಬದಲು ಎರಡು ವಿವರಣ ಚಿಹ್ನೆಗಳು (::) ಒಂದರ ಪಕ್ಕ ಒಂದು, ಅವುಗಳ ನಂತರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಇರುತ್ತದೆ. ಗಾಬರಿ ಬೇಡ. ಇಂಗ್ಲಿಷಿನ ಸಾಮಾನ್ಯ ಅಕ್ಷರಗಳ ಹೊರಗಿನದನ್ನೆಲ್ಲ ಎಲ್‌ಡಿಐಎಫ್ ಬೇಸ್‌-64 ಎಂಬ ಸಂಕೇತದಲ್ಲಿ ಮಡಿಸಿಡುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು ನಾನು ಬಳಸುವ ಒಂದು ಗುರುತು ಇದೆ: ಕನ್ನಡ ಅಕ್ಷರದಿಂದ ಆರಂಭವಾಗುವ ಯಾವ ಹೆಸರೇ ಆಗಲಿ, ಆ ಸಂಕೇತದಲ್ಲಿ ಅಂಕಿ 4, ನಂತರ ಎಲ್, ನಂತರ ಕೆ ಎಂದೇ ಶುರುವಾಗಬೇಕು, ಯಾಕೆಂದರೆ ಕನ್ನಡದ ಎಲ್ಲ ಸ್ವರ-ವ್ಯಂಜನಗಳ ಮೊದಲ ಎರಡು ಬೈಟುಗಳು ಒಂದೇ. ಫೈಲಿನ ಉದ್ದಕ್ಕೂ ಈ ಮೂರು ಗುರುತುಗಳು ಕಂಡರೆ ಹೆಸರುಗಳು ಸುರಕ್ಷಿತ.

ಹೊಸ ಲ್ಯಾಪ್‌ಟಾಪಿನ ಥಂಡರ್‌ಬರ್ಡ್‌ನಲ್ಲಿ ಇಂಪೋರ್ಟ್, ಫೈಲಿನಿಂದ, ವಿಳಾಸಪುಸ್ತಕ, ಎಲ್‌ಡಿಐಎಫ್ ಎಂದು ಹೋಗಿ. ಎಲ್ಲಿಗೆ ಸೇರಿಸಬೇಕೆಂದು ಕೇಳಿದಾಗ ಪರ್ಸನಲ್ ಅಡ್ರೆಸ್ ಬುಕ್ ಎಂಬುದನ್ನು ಎಂದಿಗೂ ಒತ್ತಬೇಡಿ. ಹೊಸ ಪುಸ್ತಕ ಮಾಡು ಎಂದೇ ಹೇಳಿ. ತುಂಬಿಸಿದ್ದು ತಪ್ಪಾಗಿದ್ದರೆ ಹೊಸ ಪುಸ್ತಕವನ್ನು ಇಡಿಯಾಗಿ ಅಳಿಸಿ ಮತ್ತೆ ಶುರುಮಾಡಬಹುದು. ಇದ್ದ ಪುಸ್ತಕಕ್ಕೆ ಸುರಿದರೆ ಒಳ್ಳೆಯದರ ಜೊತೆ ಕೆಟ್ಟದ್ದು ಬೆರೆತು, ಅಕ್ಕಿಯಿಂದ ಕಲ್ಲು ಆರಿಸುವ ಕೆಲಸವಾಗುತ್ತದೆ. ಈಗ ನಿಮ್ಮ ಲ್ಯಾಪ್‌ಟಾಪಿನಲ್ಲಿ ಆಗಿರುವುದೂ ಬಹುಶಃ ಅದೇ.

ಯಾವುದೋ ಕಾರಣಕ್ಕೆ ಹಳೆಯ ಯಂತ್ರದಲ್ಲಿ ಥಂಡರ್‌ಬರ್ಡ್ ಹತ್ತದಿದ್ದರೆ ವಿಕಾರ್ಡ್, ಅಂದರೆ ವ್ಯಕ್ತಿಯ ವಿಳಾಸ-ಸಂಖ್ಯೆಗಳನ್ನು ಕಾರ್ಡಿನಂತೆ ಹಿಡಿದಿಡುವ ಫೈಲಿನ, ದಾರಿ ಇದೆ. ಔಟ್‌ಲುಕ್‌ನ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಭಾಗದ ಕೆಳಗಡೆ ಅಂತರರಾಷ್ಟ್ರೀಯ ಆಯ್ಕೆಗಳಿವೆ. ಹೊರಹೋಗುವ ವಿಕಾರ್ಡುಗಳ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಆರಿಸಿ. ಇದನ್ನು ಮರೆತರೆ ಪ್ರಶ್ನಾರ್ಥಕ ಚಿಹ್ನೆಗಳ ಕಾಟ ಇಲ್ಲೂ ಬರಬಹುದು. ಆಮೇಲೆ ನೂರಿನ್ನೂರು ಕಾಂಟ್ಯಾಕ್ಟುಗಳನ್ನು ಒಟ್ಟಿಗೆ ಆಯ್ದು ಬಿಸಿನೆಸ್ ಕಾರ್ಡಾಗಿ ಫಾರ್ವರ್ಡ್ ಮಾಡು ಎಂದರೆ, ಒಬ್ಬೊಬ್ಬರದು ಒಂದೊಂದು ಫೈಲಾಗಿ ಹೊಸ ಮೇಲಿಗೆ ಅಂಟಿಕೊಂಡು ಬರುತ್ತದೆ. ಮೇಲನ್ನು ಕಳಿಸದೆ ಆ ಫೈಲುಗಳನ್ನು ಒಂದು ಫೋಲ್ಡರಿನಲ್ಲಿ ಉಳಿಸಿ, ಕಮಾಂಡ್ ಪ್ರಾಂಪ್ಟಿನ ಕಾಪಿ ಆಜ್ಞೆಯಿಂದ ಎಲ್ಲವನ್ನೂ ಒಂದೇ ಫೈಲಾಗಿ ಜೋಡಿಸಬಹುದು. ಜೋಡಿಸಿದ ಫೈಲನ್ನು ಬೇರೆ ಫೋಲ್ಡರಿಗೆ ಬರೆಸಿ, ಅದೇ ಫೋಲ್ಡರಿಗೆ ಬರೆಸಿದರೆ ಅದೂ ಬಿಡಿ ಫೈಲುಗಳ ಜೊತೆಗೆ ಸೇರಿ ಲೆಕ್ಕ ತಪ್ಪುತ್ತದೆ. ಔಟ್‌ಲುಕ್ ಬರೆಯುವುದು 1996ರ ಕಾಲದ 2.1 ಆವೃತ್ತಿಯ ವಿಕಾರ್ಡ್; ಥಂಡರ್‌ಬರ್ಡ್ ಅದನ್ನು ಸಾಮಾನ್ಯವಾಗಿ ತೊಂದರೆಯಿಲ್ಲದೆ ಓದುತ್ತದೆ. ಗುಂಪುಗಳು ಈ ದಾರಿಯಲ್ಲಿ ಬರುವುದಿಲ್ಲ, ಕೈಯಾರೆ ಮತ್ತೆ ಕಟ್ಟಬೇಕು.

ಸಿಎಸ್‌ವಿಯೇ ಬೇಕಾಗುವ ಸಂದರ್ಭವೂ ಇದೆ, ಉದಾಹರಣೆಗೆ ಪಾರ್ಸೆಲ್ ಚೀಟಿ ಮುದ್ರಿಸಲು. ಅದನ್ನು ಔಟ್‌ಲುಕ್‌ನಿಂದ ತೆಗೆಯದೆ ಥಂಡರ್‌ಬರ್ಡ್‌ನಿಂದ ತೆಗೆಯಿರಿ. ಅಲ್ಲಿ ಸಿಎಸ್‌ವಿ ಎರಡು ಸಲ ಕಾಣುತ್ತದೆ, ಒಂದು ಸಿಸ್ಟಮ್ ಚಾರ್‌ಸೆಟ್, ಇನ್ನೊಂದು ಯುಟಿಎಫ್-8, ಎರಡನೆಯದೇ ನಿಮ್ಮದು. ನೋಡಲು ಲಿಬ್ರೆಆಫೀಸ್ ಬಳಸುವುದು ಲೇಸು. ಪ್ರತಿ ಸಲವೂ ಅದು ಲಿಪಿಸಂಕೇತ ಯಾವುದು, ಯಾವ ಕಂಬ ಪಠ್ಯ, ಯಾವುದು ಅಂಕಿ ಎಂದು ಕೇಳಿಯೇ ತೆರೆಯುತ್ತದೆ. ಆಗ ದೂರವಾಣಿ ಮತ್ತು ಪಿನ್‌ಕೋಡಿನ ಕಂಬಗಳನ್ನು ಪಠ್ಯ ಎಂದು ಗುರುತಿಸಿ. ನಮ್ಮ ಕಡೆಯ ಅಂಚೆ ವಿಳಾಸಗಳಲ್ಲಿ ಮನೆ, ಊರು, ಅಂಚೆ, ತಾಲ್ಲೂಕು, ಜಿಲ್ಲೆ ಎಂದು ಅಲ್ಪವಿರಾಮಗಳ ಮೆರವಣಿಗೆಯೇ ಇರುತ್ತದೆ. ಉದ್ಧರಣ ಚಿಹ್ನೆಯೊಳಗೆ ಇಟ್ಟಿರದಿದ್ದರೆ ಒಂದೊಂದು ಅಲ್ಪವಿರಾಮವೂ ಒಂದೊಂದು ಕಂಬವಾಗಿ, ಪಿನ್‌ಕೋಡ್ ಹೋಗಿ ದೂರವಾಣಿಯ ಜಾಗದಲ್ಲಿ ಕೂರುತ್ತದೆ. ಅಂಥ ಸಾಲುಗಳು ಬಲಗಡೆಗೆ ಉದ್ದವಾಗಿ ಚಾಚಿಕೊಂಡಿರುವುದರಿಂದ ಹಾಳೆಯ ಬಲತುದಿಗೆ ಹೋಗಿ ನೋಡಿದರೆ ಸಾಕು, ತಪ್ಪಿದವು ತಾವೇ ಕಾಣುತ್ತವೆ.

ನಿಮ್ಮ ಬಳಿ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಗಿರಾಕಿ ಪಟ್ಟಿ ಇದ್ದರೆ ಅದನ್ನು ಸೇರಿಸುವ ಮುನ್ನ ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ. ಫಾಂಟ್ ತೆಗೆದ ಕೂಡಲೇ ಅದು ಬರಿಯ ಇಂಗ್ಲಿಷ್ ಚಿಹ್ನೆಗಳ ಗೋಜಲು, ಯಾವ ವಿಳಾಸಪುಸ್ತಕಕ್ಕೂ ಅದು ಕನ್ನಡವೆಂದು ಗೊತ್ತಾಗುವುದಿಲ್ಲ.

ಎಲ್ಲ ಬಂದ ಮೇಲೆ ಒಂದೇ ಹೆಸರು ಎರಡೆರಡು ಸಲ ಕಂಡು, ನಕಲುಗಳನ್ನು ಕೂಡಿಸಿಬಿಡುವ ಆಸೆ ಹುಟ್ಟುತ್ತದೆ. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಘಟ್ಟದ ಮೇಲಿನ ಒಂದು ಸಹಕಾರಿ ಸಂಘದ ಸದಸ್ಯರ ಪಟ್ಟಿಯನ್ನು ಸಾಗಿಸುತ್ತ, ಕೊನೆಗೆ ಚೊಕ್ಕವಾಗಲಿ ಎಂದು ಒಂದೇ ಹೆಸರಿನವರನ್ನು ತಾನಾಗಿ ಕೂಡಿಸುವ ಸೌಲಭ್ಯವನ್ನು ಒತ್ತಿದೆ. ಐದು ಜನ ಗಣಪತಿ ಹೆಗಡೆಯವರು ಸೇರಿ, ಐದು ಮೊಬೈಲು, ನಾಲ್ಕು ಮೇಲ್ ವಿಳಾಸ ಮತ್ತು ಮೂರು ಅಂಚೆಗಳಿರುವ ಒಬ್ಬ ಗಣಪತಿ ಹೆಗಡೆಯಾದರು. ಮಂಜುನಾಥ ನಾಯ್ಕರದೂ ಅದೇ ಕಥೆ. ಸಭೆಯ ನೋಟಿಸು ಹೋದ ಮೇಲೆ ತನಗೆ ಬಂದಿಲ್ಲ ಎಂದು ಒಬ್ಬೊಬ್ಬರೇ ಸಂಘಕ್ಕೆ ಫೋನ್ ಮಾಡತೊಡಗಿದಾಗಲೇ ನನಗೆ ಅದು ತಿಳಿದದ್ದು. ಈ ಸೌಲಭ್ಯಗಳನ್ನು ಮಾಡಿದವರು ಹೆಸರು ಮತ್ತು ಉಪನಾಮ ಕೂಡಿದರೆ ಒಬ್ಬ ಮನುಷ್ಯ ಎಂದು ಭಾವಿಸಿರುತ್ತಾರೆ. ನಮ್ಮಲ್ಲಿ ಮನುಷ್ಯನನ್ನು ಗುರುತಿಸುವುದು ಊರು ಅಥವಾ ಮನೆಯ ಹೆಸರು: ಹುಲೇಕಲ್ಲಿನ ಗಣಪತಿ ಹೆಗಡೆ ಬೇರೆ, ಭೈರುಂಬೆಯ ಗಣಪತಿ ಹೆಗಡೆ ಬೇರೆ. ಆದ್ದರಿಂದ ಡಿಸ್‌ಪ್ಲೇ ನೇಮ್ ಎಂಬ ಜಾಗದಲ್ಲಿ ಊರನ್ನೂ ಸೇರಿಸಿ ಬರೆಯಿರಿ. ನಕಲು ಹುಡುಕುವುದಾದರೆ ಹೆಸರಿನಿಂದ ಹುಡುಕದೆ ಮೇಲ್ ವಿಳಾಸದಿಂದ ಹುಡುಕಿ. ಇದಕ್ಕೆ ವಿರುದ್ಧವಾದ ಪ್ರಸಂಗವೂ ಉಂಟು. ವಿನಾಯಕ್ ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಯಲ್ಲಿ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಆಗ ನಮಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಕಂಪ್ಯೂಟರಿಗೆ ಬೇರೆ ಬೇರೆಯಾಗಿರುತ್ತವೆ.

ಮೊಬೈಲಿನ ಪ್ರಶ್ನೆಗೆ ಉತ್ತರ ಚಿಕ್ಕದು. ನಿಮ್ಮದು ಆಂಡ್ರಾಯ್ಡ್ ಫೋನಾದರೆ ಥಂಡರ್‌ಬರ್ಡ್‌ನಿಂದ ವಿಕಾರ್ಡ್ ರೂಪದಲ್ಲಿ ಒಂದು ಪ್ರತಿ ತೆಗೆದು ಗೂಗಲ್ ಕಾಂಟ್ಯಾಕ್ಟ್ಸ್‌ಗೆ ತುಂಬಿಸಿ. ಒಂದು ಸಲಕ್ಕೆ 3,000ದವರೆಗೆ ತೆಗೆದುಕೊಳ್ಳುತ್ತದೆ, ನಿಮ್ಮದು ಒಂದೇ ಕಂತಿನಲ್ಲಿ ಮುಗಿಯುತ್ತದೆ. ತಪ್ಪಾದರೆ 30 ದಿನಗಳೊಳಗೆ ಹಿಂದಿನ ಸ್ಥಿತಿಗೆ ಮರಳಿಸುವ ಅವಕಾಶ ಅಲ್ಲಿದೆ. ಗುಂಪುಗಳು ಅಲ್ಲಿಗೆ ಹೋಗುವುದಿಲ್ಲ, ಆದರೆ ತುಂಬಿಸಿದ ಪ್ರತಿ ಫೈಲಿಗೂ ಗೂಗಲ್ ತಾನೇ ಒಂದು ಲೇಬಲ್ ಅಂಟಿಸುತ್ತದೆ. ಐದು ಗುಂಪುಗಳವರನ್ನು ಥಂಡರ್‌ಬರ್ಡ್‌ನಲ್ಲಿ ಐದು ಬೇರೆ ಪುಸ್ತಕಗಳಿಗೆ ನಕಲು ಮಾಡಿ, ಐದು ಫೈಲುಗಳಾಗಿ ತೆಗೆದು, ಒಂದೊಂದಾಗಿ ತುಂಬಿಸಿ, ಆ ಲೇಬಲ್ಲುಗಳಿಗೆ ನಿಮ್ಮ ಗುಂಪಿನ ಹೆಸರನ್ನೇ ಇಟ್ಟರೆ ಗುಂಪುಗಳು ಮರಳಿದಂತೆಯೇ. ಆಮೇಲೆ ಥಂಡರ್‌ಬರ್ಡ್‌ನಲ್ಲಿ ಕಾರ್ಡ್‌ಡ್ಯಾವ್ (ಇಂಟರ್‌ನೆಟ್ಟಿನ ಮೂಲಕ ವಿಳಾಸಗಳನ್ನು ಹೊಂದಿಸಿಡುವ ವಿಧಾನ) ಪುಸ್ತಕವೊಂದನ್ನು ಸೇರಿಸಿ ಅದೇ ಗೂಗಲ್ ಖಾತೆಗೆ ಜೋಡಿಸಿ. ಅಲ್ಲಿಂದ ಮುಂದೆ ಫೋನಿನಲ್ಲಿ ತಿದ್ದಿದ್ದು ಲ್ಯಾಪ್‌ಟಾಪಿಗೂ, ಲ್ಯಾಪ್‌ಟಾಪಿನಲ್ಲಿ ಬರೆದದ್ದು ಫೋನಿಗೂ ಬರುತ್ತದೆ. ಆಷಾಢದಲ್ಲಿ ನಿಮ್ಮ ಕಡೆ ನೆಟ್‌ವರ್ಕ್ ನಾಲ್ಕು ದಿನ ಕೈಕೊಟ್ಟರೂ ಥಂಡರ್‌ಬರ್ಡ್ ತನ್ನ ಬಳಿ ಒಂದು ಪ್ರತಿ ಇಟ್ಟುಕೊಂಡಿರುವುದರಿಂದ ವಿಳಾಸ ನೋಡಲು ಅಡ್ಡಿಯಿಲ್ಲ.

ಹಳೆಯ ಔಟ್‌ಲುಕ್‌ನಲ್ಲಿ ಎಷ್ಟು ಕಾಂಟ್ಯಾಕ್ಟುಗಳಿವೆ ಎಂಬುದು ಕಿಟಕಿಯ ಕೆಳಗಿನ ಎಡಮೂಲೆಯಲ್ಲಿ ಕಾಣುತ್ತದೆ. ಆ ಸಂಖ್ಯೆಯನ್ನೂ ಐದು ಗುಂಪುಗಳ ಒಂದೊಂದರ ತಲೆಯೆಣಿಕೆಯನ್ನೂ ಸಾಗಾಟಕ್ಕೆ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಸಂಖ್ಯೆಯಲ್ಲಿ ಗುಂಪುಗಳೂ ಒಂದೊಂದು ನಮೂದಾಗಿ ಸೇರಿರುತ್ತವೆ ಎಂಬುದು ನೆನಪಿರಲಿ. ಎಣಿಕೆ ಸರಿಯಾಗಿದ್ದ ಮಾತ್ರಕ್ಕೆ ಒಳಗಿನದು ಸರಿಯಾಗಿದೆ ಎಂದಲ್ಲ. ಹಾಗಾಗಿ ಕನ್ನಡ ಹೆಸರಿನವರು ಒಬ್ಬರು, ಎರಡು ಫೋನಿರುವವರು ಒಬ್ಬರು, ಅಂಚೆ ವಿಳಾಸ ಉದ್ದವಿರುವವರು ಒಬ್ಬರು, ಟಿಪ್ಪಣಿಯಲ್ಲಿ ಏನಾದರೂ ಬರೆದಿಟ್ಟಿರುವವರು ಒಬ್ಬರು, ಹೀಗೆ ನಾಲ್ಕೈದು ಜನರನ್ನು ಆಯ್ದು, ಎರಡೂ ಯಂತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿ. ಎಲ್ಲವೂ ಹೊಂದಿದ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳಿರುವ ಆ ಮೊದಲಿನ ನಮೂದುಗಳನ್ನು ಲ್ಯಾಪ್‌ಟಾಪಿನಿಂದ ತೆಗೆದುಹಾಕಬಹುದು. ಎಲ್‌ಡಿಐಎಫ್ ಮತ್ತು ಪಿಎಸ್‌ಟಿ ಇರುವ ಪೆನ್‌ಡ್ರೈವನ್ನು ಮಾತ್ರ ಅಳಿಸದೆ, ಮುಗ್ಗಲು ಹಿಡಿಯದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ.